ಟ್ರಿನಿಡಾಡಿನಲ್ಲಿ ಸಿಕ್ಕ ಆಜಿ

"ಮಮ್ಮಾ, ಡ್ರೈವರ್ ರಾಂಗ್ ಸೈಡಲ್ಲಿ ಕೂತಿದಾನೆ!" ಎಂದು ಮೊಮ್ಮಗಳು ಇಂಗ್ಲಿಷಿನಲ್ಲಿ ಕೂಗಿದಾಗ ನನಗೆ ನಗು ಬಂತು. ಅಮೆರಿಕದ ಹ್ಯೂಸ್ಟನ್‌ನಲ್ಲಿ ಹುಟ್ಟಿ ಬೆಳೆದ ಒಂಬತ್ತು ವರ್ಷದ ಹುಡುಗಿಗೆ ಸ್ಟೀರಿಂಗ್ ಬಲಗಡೆ ಇರುವುದೇ ವಿಚಿತ್ರ. ನನಗೋ, ಎರಡು ತಿಂಗಳ ಮೇಲೆ ರಸ್ತೆಯ ಎಡಬದಿಯಲ್ಲಿ ಓಡುವ ಕಾರು ಹತ್ತಿ ಊರಿಗೇ ಬಂದಷ್ಟು ಸಮಾಧಾನ.

ನಾವಿದ್ದದ್ದು ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ದ್ವೀಪದಲ್ಲಿ. ಅಳಿಯನಿಗೆ ಅಲ್ಲಿ ಗ್ಯಾಸ್ ಕಂಪನಿಯ ಕೆಲಸ ಒಂದು ವಾರ ಇತ್ತು. ಮಾರ್ಚ್ ತಿಂಗಳ ಶಾಲೆಯ ರಜೆಯೂ ಅದೇ ವಾರ ಬಿದ್ದದ್ದರಿಂದ ಮಗಳು "ಎಲ್ಲರೂ ಹೋಗೋಣ" ಎಂದು ಟಿಕೆಟ್ ಮಾಡಿಸಿದ್ದಳು. ಅಳಿಯ ಆಫೀಸಿಗೆ ಹೋದ ಒಂದು ದಿನ ಉಳಿದ ನಾಲ್ವರು ದ್ವೀಪ ನೋಡಲು ಕಾರು ಗೊತ್ತು ಮಾಡಿಕೊಂಡೆವು.

ಆ ದಿನ ಬೆಳಿಗ್ಗೆ ಕಾರು ಹತ್ತುವಾಗ ನಾನೂ ಮಗಳೂ ಮಾತು ಬಿಟ್ಟಿದ್ದೆವು. ಹಿಂದಿನ ರಾತ್ರಿಯ ಜಗಳ. ನಮ್ಮ ಪುಟ್ಟಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಆಡುವುದಿಲ್ಲ. "ಊಟ ಮಾಡ್ತೀಯೇನೇ?" ಅಂದರೆ "ಐ ಆಮ್ ನಾಟ್ ಹಂಗ್ರಿ" ಅನ್ನುತ್ತಾಳೆ. ನಾನು ಅವಳಿಗೆ ಅಜ್ಜಿ ಅಲ್ಲ, ಗ್ರ್ಯಾಂಡ್‌ಮಾ. ಮೂವತ್ತೊಂದು ವರ್ಷ ಭದ್ರಾವತಿಯ ಹೈಸ್ಕೂಲಿನಲ್ಲಿ ಕಂಡವರ ಮಕ್ಕಳಿಗೆಲ್ಲ ಕನ್ನಡ ಕಲಿಸಿದವಳು ನಾನು. ಎರಡು ತಿಂಗಳು ತಡೆದುಕೊಂಡಿದ್ದು ಆ ರಾತ್ರಿ ಬಾಯಿಗೆ ಬಂದೇಬಿಟ್ಟಿತು. "ನೀನು ಮನೇಲಿ ಮಾತಾಡಿಸಿದ್ರೆ ತಾನೇ ಅದಕ್ಕೆ ಬರೋದು!" ಮಗಳು ಬಟ್ಟೆ ಮಡಚುತ್ತಿದ್ದವಳು ನಿಲ್ಲಿಸಿ, "ಬೆಳಿಗ್ಗೆ ಏಳರಿಂದ ರಾತ್ರಿ ಏಳರವರೆಗೆ ನಾನು ಯಾವ ಭಾಷೇಲಿ ಬದುಕ್ತೀನಿ ಗೊತ್ತೇನಮ್ಮ ನಿನಗೆ?" ಎಂದಳು. ಆಮೇಲೆ ಇಬ್ಬರೂ ಮಾತಾಡಲಿಲ್ಲ.

ನಮ್ಮವರಿಗೆ ಇದ್ಯಾವುದರ ಪರಿವೆಯೂ ಇರಲಿಲ್ಲ. ಅವರು ಬೆಳಿಗ್ಗೆ ಆರಕ್ಕೇ ಸ್ನಾನ ಮುಗಿಸಿ, ಬೂಟು ಹಾಕಿಕೊಂಡು ಹೋಟೆಲ್ ಬಾಗಿಲಲ್ಲಿ ನಿಂತಿದ್ದರು. ಕಾರಣ ಕ್ರಿಕೆಟ್. ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ಕ್ವೀನ್ಸ್ ಪಾರ್ಕ್ ಓವಲ್ ಮೈದಾನದಲ್ಲಿ 1976ರಲ್ಲಿ ಭಾರತ 403 ರನ್‌ಗಳ ಗುರಿಯನ್ನು ಬೆನ್ನಟ್ಟಿ ಗೆದ್ದಿತ್ತು. ಗಾವಸ್ಕರ್ 102, ಗುಂಡಪ್ಪ ವಿಶ್ವನಾಥ್ 112. ವಿಶ್ವನಾಥ್ ಹುಟ್ಟಿದ್ದು ಭದ್ರಾವತಿಯಲ್ಲಿ. ಆಗ ಇಪ್ಪತ್ತೊಂದರ ಹುಡುಗನಾಗಿದ್ದ ನಮ್ಮವರು ಪತ್ರಿಕೆಯ ಆ ತುಣುಕನ್ನು ಕತ್ತರಿಸಿಟ್ಟಿದ್ದರಂತೆ. ಮದುವೆಯಾದ ಹೊಸದರಲ್ಲಿ ನನಗೆ ತೋರಿಸಿದ ಮೊದಲ ಆಸ್ತಿ ಅದೇ.

ಡ್ರೈವರ್ ನಮಗಿಂತ ಸ್ವಲ್ಪ ಚಿಕ್ಕವರು, ಅರವತ್ತೈದು ದಾಟಿರಬಹುದು. ನೋಡಲು ಥೇಟ್ ನಮ್ಮ ಕಡೆಯ ನಿವೃತ್ತ ಪೋಸ್ಟ್‌ಮಾಸ್ಟರ್. ಮಾತು ಮಾತ್ರ ಹಾಡಿನಂಥ ಟ್ರಿನಿಡಾಡ್ ಇಂಗ್ಲಿಷ್, ಅರ್ಧ ನನಗೆ ತಿಳಿಯುತ್ತಿರಲಿಲ್ಲ. ನಮ್ಮವರು ಓವಲ್ ಎಂದದ್ದೇ ತಡ, ಅವರು ಕಾರನ್ನು ನೇರ ಅಲ್ಲಿಗೆ ತಿರುಗಿಸಿದರು. ಗೇಟು ಹಾಕಿತ್ತು. ನಮ್ಮವರು ಸರಳುಗಳ ನಡುವಿನಿಂದ ಒಂದು ಚೂರು ಹಸಿರು ಹುಲ್ಲು ನೋಡಿದರು, ಫೋಟೊ ತೆಗೆಸಿಕೊಂಡರು, "ಸಾಕು, ಬಂದದ್ದು ಸಾರ್ಥಕ" ಎಂದು ಕಾರು ಹತ್ತಿದರು. ಇನ್ನೂ ಏಳೂಕಾಲು ಗಂಟೆ!

ತಿಂಡಿ ರಸ್ತೆ ಬದಿಯಲ್ಲಿ. ಅಲ್ಲಿಯವರ ಬೆಳಗಿನ ತಿಂಡಿಗೆ ಡಬಲ್ಸ್ ಎನ್ನುತ್ತಾರೆ. ಅಂಗೈಯಗಲದ ಮೆತ್ತನೆಯ ಎರಡು ಪೂರಿ, ನಡುವೆ ಕಾಬೂಲಿ ಕಡಲೆಯ ಗೊಜ್ಜು, ಮೇಲೆ ಹುಣಸೆ ಹುಳಿ, ಸೌತೆಕಾಯಿ, ಖಾರ. ಕಾಗದದಲ್ಲಿ ಸುತ್ತಿ ಕೊಡುತ್ತಾರೆ, ನಿಂತೇ ತಿನ್ನಬೇಕು. ಆ ಪೂರಿಗೆ ಅವರ ಹೆಸರು 'ಬಾರಾ', ಕಡಲೆಗೆ 'ಚನ್ನಾ'. ಎರಡು ತಿಂಗಳು ಬ್ರೆಡ್ ತಿಂದು ಜಡ್ಡುಗಟ್ಟಿದ ನನ್ನ ನಾಲಿಗೆ ಆ ಖಾರಕ್ಕೆ ಎದ್ದು ಕುಳಿತಿತು. ನಾನು ಎರಡು ತಿಂದೆ. ಮೂರೆಂದು ಪುಟ್ಟಿ ಇವತ್ತಿಗೂ ಹೇಳುತ್ತಾಳೆ.

ತಿನ್ನುತ್ತಾ ಡ್ರೈವರ್ ಪುಟ್ಟಿಯನ್ನು ಕೇಳಿದರು: "ಇವರು ನಿನ್ನ ಆಜಿಯೋ, ನಾನಿಯೋ?"

ನಾನು ಬೆಚ್ಚಿದೆ. "ಏನಂದಿರಿ?"

"ಅಪ್ಪನ ತಾಯಿಗೆ ನಾವು ಆಜಿ ಅಂತೀವಿ ಮೇಡಂ, ಅಪ್ಪನ ತಂದೆಗೆ ಆಜಾ. ಅಮ್ಮನ ಕಡೆಯವರು ನಾನಿ, ನಾನಾ."

ನಮ್ಮಲ್ಲಿ ಎರಡೂ ಕಡೆಯವರು ಅಜ್ಜಿಯರೇ, ಅಜ್ಜಂದಿರೇ ಎಂದೆ. ಅವರು "ಹಾಗಾದರೆ ನೀವು ಆಜಿ" ಎಂದು ತೀರ್ಮಾನ ಮಾಡಿಬಿಟ್ಟರು. ಅಲ್ಲಿಂದ ಮುಂದೆ "ನಿನ್ನ ಆಜಿಗೆ ನೀರು ಬೇಕೇನೋ ಕೇಳು", "ಆಜಿ ಕಡೆ ಬಿಸಿಲು ಬರ್ತಿದೆ, ಗಾಜು ಏರಿಸು" ಎಂದೇ ಪುಟ್ಟಿಗೆ ಹೇಳುತ್ತಿದ್ದರು. ಪುಟ್ಟಿ ಕಿಸಕ್ಕನೆ ನಕ್ಕು ನನ್ನ ಮುಖ ನೋಡುತ್ತಿದ್ದಳು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಸ್ವಂತ ಮೊಮ್ಮಗಳು ಕರೆಯದ ಹೆಸರಿನಲ್ಲಿ ಸಾವಿರಾರು ಮೈಲಿ ಆಚೆ ಯಾರೋ ಕರೆಯುತ್ತಿದ್ದರೆ ಸಂತೋಷಪಡಬೇಕೋ ಏನೋ, ನನಗೆ ತಿಳಿಯಲಿಲ್ಲ.

ಕಾರು ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಓಡಿತು. ಅಲ್ಲಿ ಇಷ್ಟೊಂದು ಭಾರತೀಯ ಮುಖಗಳು ಏಕೆ ಎಂದು ಪುಟ್ಟಿ ಕೇಳಿದಳು. ಬ್ರಿಟಿಷರ ಕಬ್ಬಿನ ತೋಟಗಳಲ್ಲಿ ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ದುಡಿಯುತ್ತಿದ್ದರು. 1830ರ ದಶಕದಲ್ಲಿ ಗುಲಾಮಗಿರಿ ಕೊನೆಗೊಂಡಿತು. ಕೂಲಿಗೆ ಜನ ಬೇಕಲ್ಲ, ಭಾರತದಿಂದ ಕರಾರು ಕೂಲಿಗಳನ್ನು ಹಡಗಿನಲ್ಲಿ ತುಂಬಿ ತಂದರು. ಮೊದಲ ಹಡಗು 'ಫತೇಲ್ ರಜಾಕ್' 1845ರ ಮೇ 30ರಂದು ಬಂತು. ಆ ದಿನ ಅಲ್ಲೀಗ ಸರ್ಕಾರಿ ರಜೆ. 1917ರವರೆಗೆ ಹೀಗೆ ಬಂದವರು 1,40,000ಕ್ಕೂ ಹೆಚ್ಚು. ಬಹುಪಾಲು ಇಂದಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು, ಭೋಜಪುರಿ ಆಡುತ್ತಿದ್ದವರು. ಮದ್ರಾಸಿನಿಂದ ಹಡಗು ಹತ್ತಿದವರು ಸ್ವಲ್ಪ ಜನ. ಇದನ್ನು ಡ್ರೈವರ್ ಒಂದಿಷ್ಟು, ನಾನು ಒಂದಿಷ್ಟು ಹೇಳಿದೆವು. ಅವರ ಆಜಿ ಐದು ವರ್ಷದವಳಿದ್ದಾಗ ತಾಯಿಯ ಸೊಂಟದ ಮೇಲೆ ಕೂತು ಹಡಗಿನಿಂದ ಇಳಿದಿದ್ದಳಂತೆ.

"ನಿಮಗೆ ಹಿಂದಿ ಬರುತ್ತಾ?" ಎಂದು ಕೇಳಿದೆ.

"ಆಲೂ, ಬೈಂಗನ್, ದಾಲ್, ತವಾ, ಲೋಟಾ" ಎಂದು ಬೆರಳು ಮಡಚಿ ನಕ್ಕರು. "ಅಡುಗೆಮನೆ ಒಳಗೆ ಎಷ್ಟಿದೆಯೋ ಅಷ್ಟು."

ದ್ವೀಪದ ನೈರುತ್ಯ ಮೂಲೆಯ ಲಾ ಬ್ರಿಯಾ ತಲುಪುವ ಮೊದಲೇ ರಸ್ತೆ ಅಲೆಅಲೆಯಾಗಿ ಏಳತೊಡಗಿತು. ಕೆಲವು ಮನೆಗಳು ಒಂದು ಕಡೆಗೆ ವಾಲಿದ್ದವು. ನೆಲದಡಿಯ ಡಾಂಬರು ಮೆಲ್ಲಗೆ ಜರುಗುತ್ತಲೇ ಇರುತ್ತದೆ, ಅದಕ್ಕೇ ಹೀಗೆ. ಊರಿನಾಚೆ ಡಾಂಬರಿನ ಕೆರೆ! ಸುಮಾರು 100 ಎಕರೆ ಅಗಲ, ಜಗತ್ತಿನಲ್ಲೇ ಅತಿ ದೊಡ್ಡದು. ಕೆರೆ ಎಂದರೆ ನೀರು ತುಳುಕುವಂಥದ್ದೆಂದು ಹೋದ ನಮಗೆ ಕಂಡದ್ದು ಬೂದು ಬಣ್ಣದ ಸುಕ್ಕುಸುಕ್ಕಾದ ಬಯಲು, ಆನೆಯ ಚರ್ಮ ಹಾಸಿದ ಹಾಗೆ. ಅದರ ಮೇಲೆ ನಡೆಯಬಹುದು. ಗೈಡ್ ತೋರಿಸಿದ ಜಾಗದಲ್ಲೇ ಕಾಲಿಡಬೇಕು, ಕೆಲವೆಡೆ ಮೆತ್ತಗಿರುತ್ತದೆ. ಆತ ಕೋಲಿನಿಂದ ಒಂದು ಕಡೆ ಚುಚ್ಚಿ ಎತ್ತಿದಾಗ ಕಪ್ಪು ಡಾಂಬರು ಜೋನಿಬೆಲ್ಲದ ಪಾಕದಂತೆ ಎಳೆಎಳೆಯಾಗಿ ಬಂತು. ಅಗೆದು ತೆಗೆದ ಹಳ್ಳ ತಾನಾಗಿಯೇ ತುಂಬಿಕೊಳ್ಳುತ್ತದಂತೆ. ಇಂಗ್ಲೆಂಡಿನ ನಾವಿಕ ವಾಲ್ಟರ್ ರಾಲೆ 1595ರಲ್ಲಿ ಇಲ್ಲಿಗೆ ಬಂದು ತನ್ನ ಹಡಗುಗಳ ಬಿರುಕಿಗೆ ಇದೇ ಡಾಂಬರು ಮೆತ್ತಿದ್ದ. ಅಮೆರಿಕದ ರಾಜಧಾನಿಯ ಪೆನ್ಸಿಲ್ವೇನಿಯಾ ಅವೆನ್ಯೂಗೆ 1876ರಲ್ಲಿ ಹಾಕಿದ್ದೂ ಇಲ್ಲಿಂದ ಹೋದದ್ದೇ. ಭದ್ರಾವತಿ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದ ನಮ್ಮವರು ಬಗ್ಗಿ ಮುಟ್ಟಿ, ಮೂಸಿ, ಗೈಡಿಗೆ ಹತ್ತು ಪ್ರಶ್ನೆ ಕೇಳಿದರು. ಪುಟ್ಟಿಯ ಒಂದು ಚಪ್ಪಲಿ ಅಂಟಿಕೊಂಡು ಕಿತ್ತುಬಂತು. ಮಗಳು ಅವಳನ್ನು ಎತ್ತಿಕೊಂಡು, ಇನ್ನೊಂದು ಕೈಯನ್ನು ಏನೂ ಹೇಳದೆ ನನ್ನತ್ತ ಚಾಚಿದಳು. ನಾನೂ ಏನೂ ಹೇಳದೆ ಹಿಡಿದುಕೊಂಡು ದಾಟಿದೆ. ದಡ ಬಂದ ಕೂಡಲೇ ಇಬ್ಬರೂ ಕೈ ಬಿಟ್ಟೆವು.

ವಾಪಸು ಉತ್ತರಕ್ಕೆ ಬರುವಾಗ ಡೆಬೆ ಎಂಬಲ್ಲಿ ಸಾಲು ಅಂಗಡಿಗಳ ಮುಂದೆ ಪುಲೌರಿ, ಸಹೀನಾ, ಬೈಗನಿ ಎಂಬ ಕರಿದ ತಿಂಡಿಗಳಲ್ಲೇ ಮಧ್ಯಾಹ್ನದ ಊಟ ಆಯಿತು. ಆಮೇಲೆ ಕಾರು ಚಿಕ್ಕ ರಸ್ತೆಗೆ ಹೊರಳಿತು. ಎಷ್ಟೋ ಮನೆಗಳ ಅಂಗಳದ ಮೂಲೆಯಲ್ಲಿ ಬಿದಿರಿನ ಗಳುಗಳಿಗೆ ಕೆಂಪು, ಹಳದಿ, ಬಿಳಿ ಬಾವುಟಗಳು. ಪೂಜೆ ಮಾಡಿಸಿದಾಗ ನೆಡುವ 'ಝಂಡಿ'ಗಳು. ಎರಡೂ ಬದಿ ಹಾಳುಬಿದ್ದ ಬಯಲು. "ಇದೆಲ್ಲ ಕಬ್ಬು ಇತ್ತು" ಎಂದರು ಡ್ರೈವರ್. ಸರ್ಕಾರಿ ಸಕ್ಕರೆ ಕಂಪನಿ 2003ರಲ್ಲಿ ಮುಚ್ಚಿಹೋಯಿತು.

ರಸ್ತೆ ಮುಗಿಯುವಲ್ಲಿ ಸಮುದ್ರ, ಸಮುದ್ರದೊಳಗೊಂದು ಬಿಳಿ ಗುಡಿ. ಊರ ಹೆಸರು ವಾಟರ್‌ಲೂ. ಈ ಗುಡಿಯ ಕತೆಯನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಸೇವದಾಸ್ ಸಾಧು ಎಂಬ ಕಬ್ಬಿನ ಕೂಲಿಯಾಳು 1947ರಲ್ಲಿ ಇಲ್ಲಿ ಕಡಲ ದಂಡೆಯಲ್ಲಿ ಚಿಕ್ಕದೊಂದು ಗುಡಿ ಕಟ್ಟಿದ. ಜಾಗ ಸಕ್ಕರೆ ಕಂಪನಿಯದ್ದು. ಕೆಡವಲು ಹೇಳಿದರು, ಅವನು ಒಪ್ಪಲಿಲ್ಲ. 1952ರಲ್ಲಿ ಗುಡಿಯನ್ನು ಕೆಡವಿದರು, ಅವನನ್ನು 14 ದಿನ ಜೈಲಿಗೆ ಹಾಕಿದರು. ಹೊರಗೆ ಬಂದವನು ನೆಲದ ತಂಟೆಯೇ ಬೇಡವೆಂದು ಸಮುದ್ರದೊಳಗೆ ಕಟ್ಟಲು ನಿಂತ. ನೆಲಕ್ಕೆ ಒಡೆಯರಿದ್ದಾರೆ, ನೀರಿಗೆ ಯಾರು? ಸೈಕಲ್ಲಿಗೆ ಬಕೆಟ್ ನೇತುಹಾಕಿಕೊಂಡು, ಇಳಿತದ ಹೊತ್ತಿನಲ್ಲಿ ಕೆಸರಿನಲ್ಲಿ ಕಲ್ಲು, ಸಿಮೆಂಟು ಹೊತ್ತು ಸುರಿದ. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಬದುಕಿರುವಷ್ಟು ಕಾಲ. ಅವನು ಹೋದ ಮೇಲೆ ಅಲೆಗೆ ಶಿಥಿಲವಾದದ್ದನ್ನು 1995ರಲ್ಲಿ, ಭಾರತೀಯರು ಬಂದು 150 ವರ್ಷವಾದ ನೆನಪಿಗೆ ಮತ್ತೆ ಕಟ್ಟಿದರು. ಈಗ ದಡದಿಂದ ಗುಡಿಗೆ ಕಾಲುದಾರಿ ಇದೆ. ಕೈಮುಗಿದು ನಿಂತ ಅವನದೊಂದು ಪ್ರತಿಮೆಯೂ ಇದೆ.

ನಮ್ಮವರೂ ಮಗಳೂ ಗುಡಿಯೊಳಗೆ ಹೋದರು. ನಾನು ಮಂಡಿನೋವಿನಿಂದ ಕಾಲುದಾರಿಯ ಕಟ್ಟೆಯ ಮೇಲೆ ಕೂತೆ, ಪುಟ್ಟಿ ಪಕ್ಕದಲ್ಲಿ ಏಡಿ ಹುಡುಕುತ್ತಿದ್ದಳು. ಡ್ರೈವರ್ ಬಂದು ಸ್ವಲ್ಪ ದೂರದಲ್ಲಿ ಕೂತರು.

"ಮೇಡಂ, ನೀವು ಟೀಚರ್ ಅಂದ್ರಲ್ಲ. ಒಂದು ಮಾತು ಕೇಳಲಾ?"

ಅವರ ಆಜಿಯ ಹಳ್ಳಿ ಅಲ್ಲಿಗೆ ಹತ್ತಿರವಂತೆ. ಅಪ್ಪ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಅಂಗಡಿಯೊಂದರ ಲೆಕ್ಕ ಬರೆಯುತ್ತಿದ್ದರು. ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತು ಕೂಡದು, ಆಡಿದರೆ ಶಾಲೆಯಲ್ಲಿ ಕೂಲಿ ಮಕ್ಕಳು ಎಂದು ನಗುತ್ತಾರೆ. ಹಳ್ಳಿಗೆ ಬರುತ್ತಿದ್ದುದು ರಜೆಯಲ್ಲಿ ಮಾತ್ರ. ಆಜಿಗೆ ಇಂಗ್ಲಿಷ್ ಬಾರದು, ಇವರಿಗೆ ಅವಳ ಮಾತು ತಿಳಿಯದು. ಇವರಿಗೆ ಹತ್ತು ವರ್ಷವಾಗಿದ್ದಾಗ ಆಜಿ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ದೊಡ್ಡವರೆಲ್ಲ ಕಬ್ಬಿನ ಗದ್ದೆಯಲ್ಲಿದ್ದರು. ಹೊರಗೆ ಹುಡುಗರು ಕ್ರಿಕೆಟ್ಟಿಗೆ ಕೂಗುತ್ತಿದ್ದರು. ಆಜಿ ಇವರ ಕೈ ಹಿಡಿದು ಅದೇನೋ ಮತ್ತೆ ಮತ್ತೆ ಹೇಳಿದಳು. ನೀರು ಕೇಳುತ್ತಿದ್ದಾಳೆಂದುಕೊಂಡು ಲೋಟಾದಲ್ಲಿ ನೀರು ತಂದು ಪಕ್ಕದಲ್ಲಿಟ್ಟು ಆಡಲು ಓಡಿದರು. ಸಂಜೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಏನು ಹೇಳಿದಳು?"

"ತನಿಬೈಠ್. ಹಾಗೇ ಕೇಳಿಸಿತ್ತು. ತನಿಬೈಠ್, ತನಿಬೈಠ್."

"ಇಷ್ಟು ವರ್ಷ ಯಾರನ್ನೂ ಕೇಳಲಿಲ್ಲವೇ?"

"ಕೇಳಿದರೆ ಓಡಿಹೋದದ್ದನ್ನೂ ಹೇಳಬೇಕಾಗುತ್ತಲ್ಲ ಮೇಡಂ. ನೀವು ನಾಳೆ ಹೊರಟುಹೋಗ್ತೀರಿ."

ಯೌವನದಲ್ಲಿ ಹಿಂದಿ ಪರೀಕ್ಷೆ ಕಟ್ಟಿ ಪಾಸಾದವಳು ನಾನು. 'ಬೈಠ್' ಎಂದರೆ ಕೂತುಕೋ, ಅಷ್ಟು ತಿಳಿಯಿತು. 'ತನಿ' ತಿಳಿಯಲಿಲ್ಲ. ಕನ್ನಡದ ತನಿವಣ್ಣು ನೆನಪಾಯಿತು, ಅದಕ್ಕೂ ಇದಕ್ಕೂ ಎಲ್ಲಿಯ ಸಂಬಂಧ! ಅರ್ಧ ಅರ್ಥ ಹೇಳಲು ಮನಸ್ಸಾಗಲಿಲ್ಲ. ಕೇಳಿ ತಿಳಿದು ಹೇಳುತ್ತೇನೆಂದೆ. ಅವರು ತಲೆಯಾಡಿಸಿ, ಎದ್ದು ಹೋಗಿ ಕಾರಿನ ಗಾಜು ಒರೆಸತೊಡಗಿದರು.

ಪುಟ್ಟಿ ಏಡಿ ಹುಡುಕುವುದನ್ನು ಯಾವಾಗಲೋ ಬಿಟ್ಟಿದ್ದಳು.

ಹತ್ತಿರದ ಕ್ಯಾರಾಪಿಚೈಮಾದಲ್ಲಿ 85 ಅಡಿ ಎತ್ತರದ ಹನುಮಂತ ನಿಂತಿದ್ದಾನೆ. ಪಕ್ಕದ ದತ್ತಾತ್ರೇಯ ದೇವಾಲಯ ನಮ್ಮ ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮಕ್ಕೆ ಸೇರಿದ್ದು. ಬೇರೆ ದಿನವಾಗಿದ್ದರೆ ಮೈಸೂರಿನ ನಂಟು ಕಂಡು ನಾನು ಅಲ್ಲೇ ಒಂದು ಗಂಟೆ ಕೂರುತ್ತಿದ್ದೆ. ಆ ದಿನ ಹನುಮಂತನ ಪಾದದ ಬಳಿ ನಿಂತು, ಹಿಂದಿನ ರಾತ್ರಿಯಿಂದ ಮೊದಲ ಬಾರಿಗೆ ಮಗಳೊಡನೆ ಮಾತಾಡಿದೆ. "ನಿನ್ನ ಆಫೀಸಲ್ಲಿ ಬಿಹಾರದ ಹುಡುಗಿ ಒಬ್ಬಳಿದಾಳಲ್ಲ, ಅವಳಿಗೊಂದು ಮೆಸೇಜ್ ಹಾಕ್ತೀಯಾ?" ಯಾಕೆ ಏನೆಂದು ಹೇಳಿದೆ. ಮಗಳು ನಾನು ಹೇಳಿದ್ದನ್ನು ಎರಡು ಸಲ ಕೇಳಿಸಿಕೊಂಡು, ಅಕ್ಷರ ಅಕ್ಷರವಾಗಿ ಬರೆದು ಕಳಿಸಿದಳು.

ನಾಲ್ಕು ಗಂಟೆಗೆ ಕರೋನಿ ಜೌಗಿನಲ್ಲಿ ದೋಣಿ ಹತ್ತಿದೆವು. ಡ್ರೈವರ್ ಕಾರಿನ ಬಳಿಯೇ ಉಳಿದರು. ಎರಡೂ ಕಡೆ ಕಾಂಡ್ಲಾ ಮರಗಳ ಬಿಳಲು, ನಡುವೆ ಚಹಾ ಬಣ್ಣದ ನೀರು. ಕೊಂಬೆಯ ಮೇಲೆ ಸುರುಳಿ ಸುತ್ತಿ ಮಲಗಿದ ಹಾವನ್ನು ದೋಣಿಯವನು ತೋರಿಸಿದ. ಆಮೇಲೆ ವಿಶಾಲವಾದ ನೀರಿನ ನಡುವೆ ಹಸಿರು ನಡುಗಡ್ಡೆಯೊಂದರ ಎದುರು ಮೋಟಾರು ನಿಲ್ಲಿಸಿ, ಸುಮ್ಮನಿರಲು ಸನ್ನೆ ಮಾಡಿದ. ಬಂದವು! ಮೊದಲು ನಾಲ್ಕು, ಆಮೇಲೆ ಹತ್ತು, ಆಮೇಲೆ ಲೆಕ್ಕ ತಪ್ಪಿತು. ಕೆಂಪು ಐಬಿಸ್‌ಗಳು, ಟ್ರಿನಿಡಾಡಿನ ರಾಷ್ಟ್ರಪಕ್ಷಿ. ನಮ್ಮ ಕೆಂಬರಲಿನ ಸೈಜಿನ ಹಕ್ಕಿ, ಕೊಕ್ಕು ಬಾಗಿದೆ, ಮೈಯೆಲ್ಲ ಕುಂಕುಮದ ಡಬ್ಬಿಯಲ್ಲಿ ಅದ್ದಿ ತೆಗೆದ ಹಾಗೆ. ಮರಿಗಳು ಬೂದುಕಂದು. ಸಿಗಡಿ, ಏಡಿ ತಿಂದೂ ತಿಂದೂ ಈ ಬಣ್ಣ ಬರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಇಡೀ ನಡುಗಡ್ಡೆ ದಾಸವಾಳ ಅರಳಿದಂತೆ ಕಾಣತೊಡಗಿತು. ನಮ್ಮ ತುಂಗಾ ನದಿಯ ಮಂಡಗದ್ದೆಯಲ್ಲಿ ಬೆಳ್ಳಕ್ಕಿಗಳು ಮರವನ್ನೆಲ್ಲ ಬೆಳ್ಳಗೆ ಮಾಡುವುದನ್ನು ಕಂಡಿದ್ದೆ. ಕೆಂಪಾಗುವುದನ್ನು ನೋಡಿದ್ದು ಇದೇ ಮೊದಲು.

ಆಗಲೇ ಮಗಳ ಫೋನು ನಡುಗಿತು. ಓದಿ ನನ್ನ ಕೈಗೆ ಕೊಟ್ಟಳು. ಭೋಜಪುರಿಯಲ್ಲಿ 'ತನಿ' ಎಂದರೆ ಸ್ವಲ್ಪ, ಚೂರು.

"ವಾಟ್ ಡಸ್ ಇಟ್ ಮೀನ್?" ಪುಟ್ಟಿ ಪಿಸುಗುಟ್ಟಿದಳು.

"ಸ್ವಲ್ಪ ಕೂತ್ಕೋ ಅಂತ" ಎಂದಳು ಮಗಳು, ಕನ್ನಡದಲ್ಲೇ. ಪುಟ್ಟಿ ಮತ್ತೇನೂ ಕೇಳಲಿಲ್ಲ.

ದಡಕ್ಕೆ ಬಂದಾಗ ಮಬ್ಬುಗತ್ತಲಾಗಿತ್ತು. ಕಾರಿನಲ್ಲಿ ಕೂತ ಮೇಲೆ ಡ್ರೈವರ್ ಕೀಲಿ ತಿರುಗಿಸುವ ಮೊದಲು ನಾನೇ ಹೇಳಿದೆ. ಅವರು ಹಿಂದೆ ತಿರುಗಲಿಲ್ಲ. ಸ್ಟೀರಿಂಗ್ ಮೇಲೆ ಎರಡೂ ಕೈಯಿಟ್ಟುಕೊಂಡು, ಇಂಗ್ಲಿಷಿನಲ್ಲಿ ಆ ಎರಡು ಮಾತನ್ನು ತಮಗೆ ತಾವೇ ಒಂದು ಸಲ ಅಂದುಕೊಂಡರು.

"ನಾನು ನೀರು ತಂದುಕೊಟ್ಟಿದ್ದೆ ಮೇಡಂ."

"ಹತ್ತು ವರ್ಷದ ಹುಡುಗ" ಎಂದೆ ನಾನು. ಬೇರೆ ಏನು ಹೇಳಬೇಕೋ ತೋಚಲಿಲ್ಲ. ದಿನವೆಲ್ಲ ಬಾಯಿ ಮುಚ್ಚದ ನಮ್ಮವರು ಮುಂದಿನ ಸೀಟಿನಿಂದ ಕೈ ಚಾಚಿ ಅವರ ಭುಜದ ಮೇಲಿಟ್ಟರು. ಹಿಂದಿನ ವ್ಯಾನಿನವನು ದಾರಿ ಬಿಡಲು ಹಾರ್ನ್ ಹೊಡೆಯುವವರೆಗೂ ಕಾರು ಹೊರಡಲಿಲ್ಲ. ಹೋಟೆಲ್ ಮುಂದೆ ಇಳಿಯುವಾಗ ಅವರು ಕಾರಿನಿಂದ ಹೊರಗೆ ಬಂದು ನಮ್ಮಿಬ್ಬರಿಗೂ ಕೈಮುಗಿದರು. ಹೇಳಿದ್ದಕ್ಕಿಂತ ಹೆಚ್ಚು ಹಣ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ರಾತ್ರಿ ಊಟವಾದ ಮೇಲೆ ಮಗಳು ನನ್ನ ಮಂಡಿಗೆ ಎಣ್ಣೆ ತಿಕ್ಕಿದಳು. ಹಿಂದಿನ ರಾತ್ರಿಯ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. "ದಿನಾ ಅರ್ಧ ಗಂಟೆ ನೀನೇ ವೀಡಿಯೊ ಕಾಲ್‌ನಲ್ಲಿ ಇವಳಿಗೆ ಕತೆ ಹೇಳಮ್ಮ. ನನಗೆ ಬೈದರೆ ಕನ್ನಡ ಬರಲ್ಲ" ಎಂದಳು. ಆಗಲಿ ಎಂದೆ.

ದೀಪ ಆರಿಸಲು ಹೋದಾಗ ಪುಟ್ಟಿ ಮಂಚದ ಮೇಲೆ ಕಾಲು ಚಾಚಿ ಪರಪರ ಕೆರೆದುಕೊಳ್ಳುತ್ತಿದ್ದಳು. ಜೌಗಿನ ಸೊಳ್ಳೆಗಳು ಕಚ್ಚಿ ಮೊಣಕಾಲವರೆಗೂ ದದ್ದು. ನಾನು ಮುಲಾಮಿನ ಟ್ಯೂಬನ್ನು ಅವಳ ಕೈಗೆ ಕೊಟ್ಟು ಹೊರಟೆ.

"ಆಜಿ" ಎಂದಳು. ಡ್ರೈವರ್ ಹೇಳುತ್ತಿದ್ದ ಹಾಗೆಯೇ, 'ಆ' ಉದ್ದ. ಆಮೇಲೆ ಸ್ವಲ್ಪ ಯೋಚಿಸಿ, "ಸೊಲ್ಪ ಕೂತ್ಕೋ."

ಕೂತೆ. ಕಾಲನ್ನು ತೊಡೆಯ ಮೇಲೆಳೆದುಕೊಂಡು ಎಣಿಸಿದೆವು. ಬಲಗಾಲಿನಲ್ಲಿ ಏಳು, ಎಡಗಾಲಿನಲ್ಲಿ ಹನ್ನೊಂದು. ಏಳರ ನಂತರದ ಸಂಖ್ಯೆ ಕನ್ನಡದಲ್ಲಿ ಅವಳಿಗೆ ಬರುತ್ತಿರಲಿಲ್ಲ, ಹೇಳಿಕೊಟ್ಟೆ.